ರಾಡಿ ನೀರು ಮೀನುಮರಿಗಳನ್ನು ಕಾಯುತ್ತದೆಯೇ?

ಪ್ರಶ್ನೆ: ಆಳಂದ ತಾಲ್ಲೂಕಿನ ಓದುಗರೊಬ್ಬರು ಹೀಗೆ ಕೇಳಿದ್ದಾರೆ: “ನಮ್ಮೂರ ಕೆರೆಯನ್ನು ನಮ್ಮ ಸಂಘ ಮೀನು ಸಾಕಣೆಗೆ ಗುತ್ತಿಗೆ ಹಿಡಿದಿದೆ. ಎರಡು ವರ್ಷದ ಹಿಂದೆ ಮಳೆ ಜೋರಾಗಿ ಕೆರೆ ತುಂಬಿತ್ತು, ನೀರು ರಾಡಿಯಾಗಿತ್ತು. ಆಗ ಬಿಟ್ಟ ಕಾಟ್ಲಾ, ರೋಹು ಮರಿಗಳು ಬೆಳೆದು ಬಲೆಗೆ ಚೆನ್ನಾಗಿ ಸಿಕ್ಕವು. ಹೋದ ವರ್ಷ ಮಳೆ ಕಡಿಮೆ, ನೀರು ತಿಳಿಯಾಗಿತ್ತು, ಬಿಟ್ಟ ಮರಿಗಳಲ್ಲಿ ಬಹುಪಾಲು ಕಾಣಲೇ ಇಲ್ಲ. ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲೂ ಹಾಗೇ ಆಯಿತು. ರಾಡಿ ನೀರಾಗೇ ಮರಿ ಉಳಿತಾವ ಅಂತ ಊರ ಹಿರಿಯರು ಹೇಳತಾರ. ಹಾಗಾದರೆ ಎಮ್ಮೆಗಳನ್ನು ಇಳಿಸಿ ನೀರು ಕಲಕಿಸುವುದು ಸರಿಯೇ?”

ಉತ್ತರ: ಎಮ್ಮೆಗಳನ್ನು ಇಳಿಸಿ ನೀರು ಕಲಕಿಸಬೇಡಿ. ಹಿರಿಯರ ಮಾತು ಸುಳ್ಳಲ್ಲ, ಆದರೆ ಅದು ಕೆಲವು ಬೇಟೆಗಾರರ ಮಟ್ಟಿಗೆ ಮಾತ್ರ ನಿಜ, ಅದರಲ್ಲೂ ನೀರಿನ ಬಗ್ಗಡ ಒಂದು ಮಿತಿಯೊಳಗೆ ಇರುವವರೆಗೆ ಮಾತ್ರ ನಿಜ. ನಿಮ್ಮ ಮರಿಗಳನ್ನು ತಿನ್ನುತ್ತಿರುವುದು ಯಾವ ಪ್ರಾಣಿ, ಅದು ಬೇಟೆಯನ್ನು ಕಣ್ಣಿನಿಂದ ಹುಡುಕುತ್ತದೆಯೋ ಬೇರೆ ಇಂದ್ರಿಯದಿಂದಲೋ, ನೀರಿನ ಬಗ್ಗಡಕ್ಕೆ ಮಣ್ಣು ಕಾರಣವೋ ಪಾಚಿ ಕಾರಣವೋ ಎಂಬ ಮೂರು ಸಂಗತಿಗಳನ್ನು ತಿಳಿಯದೆ ತಿಳಿನೀರು ಕೆಟ್ಟದ್ದು, ರಾಡಿ ನೀರು ಒಳ್ಳೆಯದು ಎಂದು ತೀರ್ಮಾನಿಸುವಂತಿಲ್ಲ.

ಮೊದಲು ಹಿರಿಯರ ಮಾತಿನ ಹಿಂದಿರುವ ಕಾರಣವನ್ನು ನೋಡೋಣ. ನೀರಿನಲ್ಲಿ ತೇಲುವ ಕಣಗಳು ಬೆಳಕನ್ನು ಹೀರುತ್ತವೆ, ಜೊತೆಗೆ ಅದನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ. ಮರಿಯ ಮೈಗೂ ಅದರ ಹಿಂದಿನ ನೀರಿಗೂ ಇರುವ ತೋರ್ಕೆಯ ವ್ಯತ್ಯಾಸವು ನೋಡುವ ದೂರ ಹೆಚ್ಚಿದಂತೆ ಬೇಗ ಬೇಗ ಅಳಿಸಿಹೋಗುತ್ತದೆ. ಆದ್ದರಿಂದ ಬಗ್ಗಡದ ಹೊಡೆತ ದೂರದಿಂದ ನೋಡಬೇಕಾದ ಪ್ರಾಣಿಗೆ ಹೆಚ್ಚು, ಹತ್ತಿರದಿಂದ ನೋಡಿದರೆ ಸಾಕಾಗುವ ಪ್ರಾಣಿಗೆ ಕಡಿಮೆ. ದಟ್ಟ ಮಂಜಿನಲ್ಲಿ ರಸ್ತೆಯಾಚೆಯ ಮನುಷ್ಯ ಕಾಣದಿದ್ದರೂ ಕೈಯಲ್ಲಿರುವ ರೊಟ್ಟಿ ಕಾಣುತ್ತದೆಯಲ್ಲವೇ? ಮೀನುಮರಿಯ ಆಹಾರ ನೀರುಚಿಗಟದಂಥ ಸೂಕ್ಷ್ಮಜೀವಿಗಳು. ಅವುಗಳನ್ನು ಅದು ಕೆಲವೇ ಸೆಂಟಿಮೀಟರ್ ದೂರದಿಂದ ಗುರುತಿಸಿ ಹಿಡಿಯುತ್ತದೆ. ಆ ಮರಿಯನ್ನು ತಿನ್ನುವ ದೊಡ್ಡ ಮೀನು ಅದನ್ನು ಬಹಳ ಹೆಚ್ಚು ದೂರದಿಂದ ಕಂಡು ಬೆನ್ನಟ್ಟುತ್ತದೆ. ನೀರು ಸ್ವಲ್ಪ ಬಗ್ಗಡವಾದಾಗ ಮರಿಯ ಊಟಕ್ಕೆ ಅಷ್ಟೇನೂ ತೊಂದರೆಯಾಗುವುದಿಲ್ಲ, ಬೇಟೆಗಾರನ ಕಣ್ಣಿಗೆ ಮಾತ್ರ ಪರದೆ ಬೀಳುತ್ತದೆ. ಇದರ ಪರಿಣಾಮ ಮೇಲ್ನೋಟಕ್ಕೆ ತೋರುವುದಕ್ಕಿಂತ ದೊಡ್ಡದು. ಈಜುತ್ತಾ ಹುಡುಕುವ ಮೀನಿಗೆ ಬೇಟೆ ಕಾಣುವ ದೂರ ಅರ್ಧಕ್ಕೆ ಇಳಿದರೆ, ಒಂದು ಗಂಟೆಯಲ್ಲಿ ಅದು ಶೋಧಿಸಬಲ್ಲ ನೀರಿನ ಪ್ರಮಾಣ ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಅದರ ನೋಟ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಕುಗ್ಗಿರುತ್ತದೆ.

ಇದು ಕೇವಲ ಲೆಕ್ಕಾಚಾರವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಫ್ರೇಸರ್ ನದಿ ಕೆಸರುನೀರಿನದು, ಅದನ್ನು ಸೇರುವ ಹ್ಯಾರಿಸನ್ ನದಿ ತಿಳಿನೀರಿನದು. ಎರಡೂ ನದಿಗಳಲ್ಲಿ ಸಮುದ್ರದ ಕಡೆಗೆ ಸಾಗುವ ಸಾಲ್ಮನ್ ಮರಿಗಳ ಮೇಲೆ ನಡೆಯುವ ಬೇಟೆಯನ್ನು ಹೋಲಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಕೆಸರಿನ ಫ್ರೇಸರ್ ನದಿಯಲ್ಲಿ ಮರಿಗಳು ದೊಡ್ಡ ಮೀನುಗಳಿಗೆ ತುತ್ತಾಗುವುದು ಕಡಿಮೆ ಎಂದು ಅದು ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲು ಪ್ರಕಟವಾದ ಇನ್ನೊಂದು ಪ್ರಯೋಗ ಬೇರೆಯದೇ ಸಂಗತಿಯನ್ನು ಮುಂದಿಟ್ಟಿತು. ತೊಟ್ಟಿಗಳಲ್ಲಿ ಸಣ್ಣ ಮೀನುಗಳನ್ನೂ ಅವುಗಳನ್ನು ತಿನ್ನುವ ಪರ್ಚ್ ಮೀನನ್ನೂ ಒಟ್ಟಿಗೆ ಇರಿಸಿದಾಗ, ಬಗ್ಗಡ ನೀರಿನಲ್ಲಿ ಸಣ್ಣ ಮೀನುಗಳ ಎಚ್ಚರಿಕೆಯೂ ತಗ್ಗಿದ್ದು ಕಂಡುಬಂತು. ಅಪಾಯದ ಜಾಗವನ್ನು ಬಿಟ್ಟು ದೂರ ಇರುವ ಅಭ್ಯಾಸವನ್ನು ಅವು ಸಡಿಲಿಸಿದವು, ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಈ ಎರಡನೆಯ ಸಂಗತಿಯನ್ನು ನಮ್ಮಲ್ಲಿ ಹೆಚ್ಚಿನವರು ಮರೆಯುತ್ತಾರೆ. ಬಗ್ಗಡವು ಬೇಟೆಗಾರನಿಗೆ ಮರಿಯನ್ನು ಮರೆಮಾಡುವಂತೆಯೇ ಮರಿಗೆ ಬೇಟೆಗಾರನನ್ನೂ ಮರೆಮಾಡುತ್ತದೆ. ಗುಂಪುಗೂಡಿ ಈಜುವುದು ಮರಿಗಳ ದೊಡ್ಡ ರಕ್ಷಣೆ, ಆದರೆ ಗುಂಪು ಕಟ್ಟಲು ಒಂದು ಮರಿಗೆ ಇನ್ನೊಂದು ಕಾಣಬೇಕು. ಗಾಢ ರಾಡಿಯಲ್ಲಿ ಗುಂಪು ಚದುರುತ್ತದೆ. ಆಗ ಉಳಿಯುವ ಆಸರೆ ವಾಸನೆ. ಗೆಂಡೆ ಜಾತಿಯ ಮೀನುಗಳ ಚರ್ಮ ಗಾಯಗೊಂಡಾಗ ನೀರಿಗೆ ಸೇರುವ ಒಂದು ವಸ್ತು ಸುತ್ತಲಿನ ಮೀನುಗಳಲ್ಲಿ ಭಯ ಹುಟ್ಟಿಸುತ್ತದೆ ಎಂಬುದನ್ನು ಜೇನುನೊಣಗಳ ನೃತ್ಯದ ಅಧ್ಯಯನಕ್ಕೆ ಹೆಸರಾದ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ವಿವರಿಸಿದರು. ಕಾಟ್ಲಾ, ರೋಹು, ಮೃಗಾಲ್ ಕೂಡ ಇದೇ ಬಳಗದವು. ಆದರೆ ಆ ವಾಸನೆ ಹೊರಡುವುದು ಒಂದು ಮರಿ ಆಗಲೇ ಬಾಯಿಗೆ ಸಿಕ್ಕ ಮೇಲೆ.

ಇನ್ನು ನಮ್ಮ ಕೆರೆಗಳ ಬೇಟೆಗಾರರತ್ತ ನೋಡೋಣ. ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಕೊರಮೀನು, ಅಂದರೆ ಮರಲ್, ಜೊಂಡು ಮತ್ತು ನೀರುಗಿಡಗಳ ಮರೆಯಲ್ಲಿ ಹೊಂಚು ಹಾಕಿ ಎರಗುವ ಮೀನು. ಅದು ಕಣ್ಣನ್ನು ನೆಚ್ಚಿಕೊಂಡಿದ್ದರೂ ಬೇಟೆ ತೀರ ಹತ್ತಿರ ಬರುವವರೆಗೆ ಕಾಯುವುದರಿಂದ, ದೂರ ಬೆನ್ನಟ್ಟುವ ಮೀನಿಗೆ ಆಗುವಷ್ಟು ನಷ್ಟ ಅದಕ್ಕೆ ಸಾಧಾರಣ ಬಗ್ಗಡದಿಂದ ಆಗುವುದಿಲ್ಲ. ಬಾಳೆ ಮೀನಿನ ಕತೆ ಬೇರೆ. ಅದು ಹೆಚ್ಚಾಗಿ ರಾತ್ರಿ ಬೇಟೆಯಾಡುತ್ತದೆ, ಉದ್ದನೆಯ ಮೀಸೆಗಳಿಂದ ಮುಟ್ಟಿ, ರುಚಿ ಹಿಡಿದು ಹುಡುಕುತ್ತದೆ. ಮೀಸೆಯಿರುವ ಈ ಬಳಗದ ಮೀನುಗಳಿಗೆ ಇತರ ಪ್ರಾಣಿಗಳ ಮೈಯಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಗ್ರಹಿಸುವ ಅಂಗಗಳೂ ಚರ್ಮದಲ್ಲಿವೆ. ಜೊತೆಗೆ ಎಲ್ಲ ಮೀನುಗಳಂತೆ ನೀರಿನ ಅಲುಗಾಟವನ್ನು ಅರಿಯುವ ಪಾರ್ಶ್ವರೇಖೆ ಇದೆ. ಬಾಳೆ ಮೀನಿಗೂ ಚೇಳು ಮೀನಿಗೂ ನೀರು ತಿಳಿಯಾಗಿದ್ದರೇನು, ರಾಡಿಯಾಗಿದ್ದರೇನು, ಹೆಚ್ಚಿನ ವ್ಯತ್ಯಾಸವಿಲ್ಲ. ಸಾಕುವುದನ್ನು ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಇದೇ ಬಗೆಯದು. ಮಳೆಗಾಲದಲ್ಲಿ ಹಳ್ಳದ ನೀರಿನೊಡನೆ ಇಂಥ ಮೀನು ಕೆರೆಗೆ ಸೇರಿದ್ದರೆ, ನೀರು ಕಲಕಿಸುವವರು ಅದಕ್ಕೇ ಅನುಕೂಲ ಮಾಡಿಕೊಟ್ಟಂತಾಗುತ್ತದೆ: ಮರಿಗಳು ಕುರುಡಾಗುತ್ತವೆ, ಅದು ಕುರುಡಾಗುವುದಿಲ್ಲ.

ಹಕ್ಕಿಗಳಲ್ಲಿಯೂ ಭೇದವಿದೆ. ಮಿಂಚುಳ್ಳಿ ಮೇಲಿನಿಂದ ಕಂಡು ಧುಮುಕುತ್ತದೆ, ಬೆಳ್ಳಕ್ಕಿ ದಡದ ತೆಳುನೀರಿನಲ್ಲಿ ನಿಂತು ಕಂಡು ಕುಕ್ಕುತ್ತದೆ. ಇವೆರಡಕ್ಕೂ ತಿಳಿನೀರು ಬೇಕು. ನೀರುಕಾಗೆ ಹಾಗಲ್ಲ. ಅದು ನೀರಿನಡಿ ಮುಳುಗಿ ಮೀನನ್ನು ತೀರ ಹತ್ತಿರದಲ್ಲಿ ಎಬ್ಬಿಸಿ ಹಿಡಿಯಬಲ್ಲದು, ಆದ್ದರಿಂದ ಸ್ವಲ್ಪ ಬಗ್ಗಡಕ್ಕೆ ಅದು ಹಿಂಜರಿಯುವುದಿಲ್ಲ. ಇನ್ನು ಕಣ್ಣಿಗೆ ಬೀಳದ ಬೇಟೆಗಾರರೆಂದರೆ ನೀರಿನ ಕೀಟಗಳು: ಬೆನ್ನು ಕೆಳಗಾಗಿ ಈಜುವ ತಿಗಣೆ ಜಾತಿಯವು, ಮುಳುಗು ಜೀರುಂಡೆಗಳು, ನೀರುಚೇಳು, ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು. ಮೂರು ದಿನದ, ಆರೆಂಟು ಮಿಲಿಮೀಟರ್ ಉದ್ದದ ಸ್ಪಾನ್ ಮರಿಯನ್ನು ಇವು ಹಿಡಿದು ಹೀರಿಬಿಡುತ್ತವೆ. ಇವುಗಳಲ್ಲಿ ಹಲವು ನೋಟದ ಜೊತೆಗೆ ಸ್ಪರ್ಶ ಮತ್ತು ನೀರಿನ ಕಂಪನವನ್ನೂ ಬಳಸುತ್ತವೆ. ಮರಿ ಎಂಟು ಹತ್ತು ಸೆಂಟಿಮೀಟರ್ ಬೆಳೆದ ಮೇಲೆ ಈ ಕೀಟಗಳ ಭಯ ಬಹುತೇಕ ಮುಗಿಯುತ್ತದೆ.

ಈಗ ಬಗ್ಗಡದ ಬಗೆಗಳಿಗೆ ಬರೋಣ. ನಿಮ್ಮ ಭಾಗದ ಎರೆಮಣ್ಣು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಸವೆದು ಆದದ್ದು. ಅದರ ಜೇಡಿಕಣಗಳು ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕವು, ಎಲ್ಲದರ ಮೈಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತವೆ, ಹೀಗಾಗಿ ವಾರಗಟ್ಟಲೆ ತಳ ಸೇರುವುದಿಲ್ಲ. ಮಳೆನೀರಿನಲ್ಲಿ ಲವಣ ಕಡಿಮೆ, ಆದ್ದರಿಂದ ಹೊಲದಿಂದ ಹರಿದು ಬಂದ ನೀರಿನಲ್ಲಿ ಈ ರಾಡಿ ಬಹುಕಾಲ ನಿಲ್ಲುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಬೋರ್‌ವೆಲ್ ನೀರು ಬೆರೆತರೆ ಅದೇ ರಾಡಿ ಬೇಗ ಕೂರುತ್ತದೆ. ಬೀದರ್ ಕಡೆಯ ಜಂಬಿಟ್ಟಿಗೆಯ ಕೆಂಪು ಮಣ್ಣಿನ ಜೇಡಿ ಬೇರೆ ಜಾತಿಯದು, ಎರೆಯ ಜೇಡಿಯಷ್ಟು ಉಬ್ಬುವುದಿಲ್ಲ. ಬಗ್ಗಡದ ಇನ್ನೊಂದು ಬಗೆ ಪಾಚಿಯಿಂದ, ಅಂದರೆ ತೇಲುವ ಸೂಕ್ಷ್ಮ ಹಸಿರು ಸಸ್ಯಗಳಿಂದ ಬರುವಂಥದ್ದು. ಬೇಟೆಗಾರನ ಕಣ್ಣಿಗೆ ಎರಡೂ ಪರದೆಯೇ. ಮರಿಯ ಹೊಟ್ಟೆಗೆ ಮಾತ್ರ ಇವೆರಡರ ನಡುವೆ ಅಜಗಜಾಂತರ. ಪಾಚಿಯನ್ನು ತಿಂದು ನೀರುಚಿಗಟಗಳು ಬೆಳೆಯುತ್ತವೆ, ಅವುಗಳನ್ನು ತಿಂದು ಮರಿ ಬೆಳೆಯುತ್ತದೆ. ಜೇಡಿಯ ರಾಡಿ ಯಾರಿಗೂ ಆಹಾರವಲ್ಲ, ಅದು ಬೆಳಕನ್ನು ತಡೆದು ಪಾಚಿಯನ್ನೂ ಬೆಳೆಯಗೊಡುವುದಿಲ್ಲ.

ನಿಮ್ಮ ನೀರು ಯಾವ ಬಗೆಯದೆಂದು ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಬಾಟಲಿಯಲ್ಲಿ ಕೆರೆಯ ನಡುನೀರನ್ನು ತುಂಬಿ ರಾತ್ರಿಯಿಡೀ ಅಲುಗಾಡದಂತೆ ಇಡಿ. ಬೆಳಿಗ್ಗೆ ಬಾಟಲಿಯನ್ನು ಬಿಳಿ ಕಾಗದದ ಮುಂದೆ ಹಿಡಿದಾಗ ನೀರು ಇನ್ನೂ ಮಣ್ಣಿನ ಬಣ್ಣದಲ್ಲೇ ಸಮನಾಗಿ ಮಸುಕಾಗಿದ್ದರೆ ಅದು ಜೇಡಿ. ಚಿಟಿಕೆ ಪಟಿಕವನ್ನು ಕರಗಿಸಿ ಬೆರೆಸಿದರೆ ಕಣಗಳು ಹತ್ತಿಯ ಎಳೆಗಳಂತೆ ಕೂಡಿ ಕೆಳಗಿಳಿಯುವುದು ಸ್ವಲ್ಪ ಹೊತ್ತಿನಲ್ಲೇ ಕಾಣುತ್ತದೆ. ನೀರು ಹಸಿರಾಗಿ ಅಥವಾ ಹಸಿರುಗಂದಾಗಿದ್ದು, ಬೆಳಕಿಗೆ ಹಿಡಿದಾಗ ಚುಕ್ಕಿಯಂಥ ಜೀವಿಗಳು ಜಿಗಿದಾಡುತ್ತಿದ್ದರೆ ಅದು ಮರಿಗಳಿಗೆ ಬೇಕಾದ ನೀರು.

ಹೊಟ್ಟೆಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮರಿಯನ್ನು ತಿನ್ನುವ ಮೀನು ಅದನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ, ಬಾಯಿಯ ಅಗಲಕ್ಕಿಂತ ದೊಡ್ಡದನ್ನು ನುಂಗಲಾರದು. ಕಾಟ್ಲಾದಂಥ ಮೀನಿನ ಮೈ ಬೇಗ ಎತ್ತರವಾಗುತ್ತದೆ. ಆ ಎತ್ತರ ಬಂದ ದಿನ ಎಷ್ಟೋ ಬೇಟೆಗಾರರ ಪಟ್ಟಿಯಿಂದ ಅದು ಹೊರಬೀಳುತ್ತದೆ. ಹಾಗಾಗಿ ಮರಿಯ ನಿಜವಾದ ರಕ್ಷಣೆ ಅಡಗಿಕೊಳ್ಳುವುದರಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬೇಗ ಬೆಳೆಯುವುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಕು ಇಳಿದು ಪಾಚಿ ಬೆಳೆಯುವ ಆಳ, ನೀರಿನ ತಿಳಿ ಅಳೆಯಲು ಹಗ್ಗ ಕಟ್ಟಿ ಇಳಿಬಿಡುವ ಬಿಳಿ ತಟ್ಟೆ ಕಣ್ಮರೆಯಾಗುವ ಆಳದ ಸುಮಾರು ಎರಡು ಪಟ್ಟು ಇರುತ್ತದೆ. ಎಮ್ಮೆಗಳು ಕಲಕಿದ ಕೆರೆಯಲ್ಲಿ ತಟ್ಟೆ ಹತ್ತು ಸೆಂಟಿಮೀಟರಿಗೇ ಮರೆಯಾದರೆ, ಮೇಲಿನ ಒಂದು ಗೇಣಿನಷ್ಟು ನೀರು ಮಾತ್ರ ಆಹಾರ ಹುಟ್ಟಿಸುತ್ತದೆ, ಅದರ ಕೆಳಗಿನ ನೀರೆಲ್ಲ ಬಂಜರು. ಅಲ್ಲಿ ಮರಿ ಹಸಿಯುತ್ತದೆ, ಹಸಿದ ಮರಿ ಎಚ್ಚರ ಬಿಟ್ಟು ಅಲೆಯುತ್ತದೆ, ನುಂಗಿಸಿಕೊಳ್ಳುವ ಗಾತ್ರದಲ್ಲೇ ತಿಂಗಳುಗಟ್ಟಲೆ ಉಳಿಯುತ್ತದೆ. ಬೇಟೆಗಾರನಿಂದ ಒಂದು ವಾರ ಮರೆಮಾಡಿ, ಅವನ ಮುಂದೆ ಎರಡು ತಿಂಗಳು ನಿಲ್ಲಿಸಿದರೆ ಏನು ಲಾಭ? ಸಾಮಾನ್ಯ ಗೆಂಡೆಯನ್ನು ಹೆಚ್ಚಾಗಿ ಬಿಟ್ಟ ಕೆರೆಗಳಲ್ಲಿ, ಅದು ತಳದ ಮಣ್ಣನ್ನು ಕೆದಕಿ ಆಹಾರ ಹುಡುಕುವುದರಿಂದ ಎಮ್ಮೆ ಇಲ್ಲದೆಯೂ ಇದೇ ಸ್ಥಿತಿ ಉಂಟಾಗುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟು ನಿಮ್ಮ ಎರಡು ವರ್ಷಗಳನ್ನು ಮತ್ತೆ ನೋಡಿ. ಮಳೆ ಜೋರಾದ ವರ್ಷ ಕೆರೆಯ ಹರವು ದೊಡ್ಡದಿತ್ತು, ಹೊಸ ನೀರಿನಲ್ಲಿ ಹೊಲಗಳ ಗೊಬ್ಬರದ ಸತ್ವ ಇತ್ತು, ಇದ್ದಷ್ಟು ಕೊರಮೀನುಗಳು ಆ ವಿಸ್ತಾರದಲ್ಲಿ ಚದುರಿದ್ದವು. ರಾಡಿ ನಿಧಾನವಾಗಿ ಕೂತು ನೀರು ಹಸಿರಿಗೆ ತಿರುಗಿರಬೇಕು. ಇಲ್ಲವಾದರೆ ಮರಿಗಳು ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಮಳೆ ಕಡಿಮೆಯಾದ ವರ್ಷ ಅದೇ ಬೇಟೆಗಾರರು ಸಣ್ಣ ಹರವಿನಲ್ಲಿ ಒತ್ತೊತ್ತಾಗಿ ಇದ್ದರು. ತಿಳಿನೀರಿನಲ್ಲಿ ತಳದವರೆಗೆ ಬೆಳಕು ಇಳಿದು ನೀರುಗಿಡ ಎದ್ದಿತ್ತೇ ಎಂಬುದನ್ನು ನೀವು ಬರೆದಿಲ್ಲ; ಎದ್ದಿದ್ದರೆ ಅದು ಮರಿಗಳಿಗೆ ಅಡಗುದಾಣವಾದಂತೆ ಕೊರಮೀನಿಗೆ ಹೊಂಚುದಾಣವೂ, ಕೀಟಗಳಿಗೆ ತವರೂ ಆಗಿರುತ್ತದೆ. ನೀರು ತಿಳಿಯಾಗಿತ್ತು ಎಂಬುದರ ಅರ್ಥ ಆಹಾರವೂ ಕಡಿಮೆಯಿತ್ತು ಎಂದು. ಹೀಗೆ ಹರವು, ಬೇಟೆಗಾರರ ದಟ್ಟಣೆ, ಹಸಿವು ಮೂರೂ ಸೇರಿ ಮಾಡಿದ ನಷ್ಟವನ್ನು ನೀರಿನ ತಿಳಿಯೊಂದರ ಮೇಲೆ ಹೊರಿಸಲಾಗದು.

ಕೃಷಿ ಹೊಂಡದ ವಿಚಾರ ಇದಕ್ಕಿಂತ ಸರಳ. ಪ್ಲಾಸ್ಟಿಕ್ ಹಾಳೆಯ ಹೊಂಡದಲ್ಲಿ ನೀರಿಗೆ ಮಣ್ಣಿನ ಸಂಪರ್ಕವಿಲ್ಲ, ಸತ್ವ ಇಲ್ಲ, ಗಿಡದ ಮರೆಯೂ ಇಲ್ಲ. ಕಪ್ಪು ಹಾಳೆಯ ಮೇಲಿನ ತಿಳಿನೀರಿನಲ್ಲಿ ಬೆಳ್ಳಿ ಮೈಯ ಮರಿ ಮಿಂಚುಳ್ಳಿಗೆ ಎದ್ದು ಕಾಣುತ್ತದೆ. ಇಲ್ಲಿ ಬೇಕಾದ್ದು ಹಸಿರು. ಮೇಲ್ಭಾಗದಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ ಇರುವ ಹೊಂಡದ ಹರವು ಒಂದು ಹೆಕ್ಟೇರಿನ ಸುಮಾರು 0.044 ಭಾಗ. ಮರಿ ಬಿಡುವ ಹದಿನೈದು ದಿನ ಮೊದಲು ಹೆಕ್ಟೇರಿಗೆ ಎರಡು ಟನ್ ಹಸಿ ಸಗಣಿ ಎಂಬ ರೂಢಿಯ ಲೆಕ್ಕದಲ್ಲಿ ಇದಕ್ಕೆ 90 ಕಿಲೋ ಸಾಕು, ಆಮೇಲೆ ತಿಂಗಳಿಗೆ 45 ಕಿಲೋದಂತೆ ಕದಡಿ ಎರಚಬಹುದು. ಸ್ಪಾನ್ ಅಥವಾ ಅತಿ ಸಣ್ಣ ಮರಿ ಬಿಡುವುದಾದರೆ ಮಾತ್ರ, ಬಿಡುವ ಹಿಂದಿನ ದಿನ ಗಾಳಿಯಿಲ್ಲದ ಹೊತ್ತಿನಲ್ಲಿ ಸಾಬೂನು ಮತ್ತು ಅಡುಗೆ ಎಣ್ಣೆಯ ಮಿಶ್ರಣವನ್ನು ನೀರಿನ ಮೇಲೆ ಹರಡಿ. ಹೆಕ್ಟೇರಿಗೆ 56 ಕಿಲೋ ಎಣ್ಣೆ, 18 ಕಿಲೋ ಸಾಬೂನು ಎಂಬ ಪ್ರಮಾಣದಲ್ಲಿ ನಿಮ್ಮ ಹೊಂಡಕ್ಕೆ ಎರಡೂವರೆ ಕಿಲೋ ಎಣ್ಣೆ, 800 ಗ್ರಾಂ ಸಾಬೂನು ಆಗುತ್ತದೆ. ಉಸಿರಿಗಾಗಿ ಮೇಲೆ ಬರುವ ಕೀಟಗಳು ಆ ಪೊರೆಯಿಂದ ಸಾಯುತ್ತವೆ. ಹಕ್ಕಿಗಳಿಗೆ ಹೊಂಡದ ಮೇಲೆ ನೈಲಾನ್ ದಾರವನ್ನು ಅಡ್ಡಡ್ಡ ಕಟ್ಟಿದರೆ ಸಾಕು, ಅವುಗಳನ್ನು ಕೊಲ್ಲುವ ಮಾತೇ ಬೇಡ. ಬದುವಿನ ಮಣ್ಣು ಕೊಚ್ಚಿ ಬಂದು ಹೊಂಡ ರಾಡಿಯಾದರೆ ಹತ್ತು ಲೀಟರಿನ ಬಕೆಟ್ಟಿಗೆ ಎರಡು ಗ್ರಾಂ ಜಿಪ್ಸಂ ಬೆರೆಸಿ ನೋಡಿ. ಅದರಲ್ಲಿ ಮಣ್ಣು ಕೂತರೆ, ಮೂರು ಮೀಟರ್ ಆಳದ, ಪ್ರತಿ ಮೀಟರ್ ಆಳಕ್ಕೆ ಬದಿ ಒಂದು ಮೀಟರ್ ಒಳಸರಿಯುವ ಇಳಿಜಾರಿನ ಅಂಥ ಹೊಂಡದ ಸುಮಾರು 980 ಘನಮೀಟರ್ ನೀರಿಗೆ 200 ಕಿಲೋ ಹತ್ತಿರ ಬೇಕಾಗುತ್ತದೆ. ಕೆರೆಗೆ ಈ ಉಪಾಯ ನಡೆಯದು. ಒಂದೂವರೆ ಮೀಟರ್ ಆಳದ ಒಂದು ಹೆಕ್ಟೇರಿಗೇ ಮೂರು ಟನ್ ಬೇಕು.

ಕೆರೆಯಲ್ಲಿ ಮೊದಲ ಕೆಲಸ ಅಳತೆ. ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಬಳಸಿದ ತಟ್ಟೆ ಇಂದಿಗೂ ಸಾಕು. ಇಪ್ಪತ್ತು ಸೆಂಟಿಮೀಟರ್ ಅಗಲದ ತಗಡಿನ ದುಂಡು ತಟ್ಟೆಯನ್ನು ನಾಲ್ಕು ಭಾಗ ಮಾಡಿ ಎದುರುಬದುರು ಕಪ್ಪು, ಬಿಳಿ ಬಣ್ಣ ಹಚ್ಚಿ, ಐದೈದು ಸೆಂಟಿಮೀಟರಿಗೆ ಗುರುತಿರುವ ಹಗ್ಗ ಕಟ್ಟಿ. ಬಿಸಿಲು ಏರಿದ ಮೇಲೆ ನೆರಳಿನ ಬದಿಯಿಂದ ಇಳಿಬಿಟ್ಟು, ಮರೆಯಾಗುವ ಆಳವನ್ನೂ ಮೇಲೆತ್ತುವಾಗ ಮತ್ತೆ ಕಾಣುವ ಆಳವನ್ನೂ ನೋಡಿ ಸರಾಸರಿ ತೆಗೆಯಿರಿ. ಹಸಿರುಗಂದು ನೀರಿನಲ್ಲಿ 30ರಿಂದ 40 ಸೆಂಟಿಮೀಟರ್ ಬಂದರೆ ಮರಿಗಳಿಗೆ ಮರೆಯೂ ಇದೆ, ಊಟವೂ ಇದೆ. 60 ದಾಟಿದರೆ ಆಹಾರ ಸಾಲದು. ಹಸಿರೇ ದಟ್ಟವಾಗಿ 20ಕ್ಕಿಂತ ಕೆಳಗೆ ಇಳಿದರೆ ಗೊಬ್ಬರ ನಿಲ್ಲಿಸಿ. ಅಂಥ ನೀರಿನಲ್ಲಿ ನಸುಕಿನ ಹೊತ್ತಿಗೆ ಆಮ್ಲಜನಕ ಕುಸಿದು ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತವೆ, ಆಗ ಬೆಳ್ಳಕ್ಕಿಗಳಿಗೆ ಹಬ್ಬ. ಜನ, ದನ ಕುಡಿಯುವ ಕೆರೆಗೆ ಗೊಬ್ಬರವನ್ನಾಗಲಿ, ಬೇಟೆಮೀನುಗಳನ್ನು ಕೊಲ್ಲಲು ಹಿಪ್ಪೆ ಹಿಂಡಿಯನ್ನಾಗಲಿ ಹಾಕಬೇಡಿ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಬಲೆ ಎಳೆದು ಕೊರಮೀನು, ಬಾಳೆ ಮೀನುಗಳನ್ನು ಹಿಡಿದು ಮಾರುವುದೇ ಅವುಗಳ ಸಂಖ್ಯೆ ತಗ್ಗಿಸುವ ಸರಿಯಾದ ದಾರಿ. ಹಿಡಿದವುಗಳಲ್ಲಿ ಕೆಲವನ್ನು ಸೀಳಿ ಹೊಟ್ಟೆಯಲ್ಲೇನಿದೆ ಎಂದು ನೋಡಿದರೆ ನಿಮ್ಮ ಮರಿಗಳು ಯಾರ ಪಾಲಾಗುತ್ತಿವೆ ಎಂಬುದಕ್ಕೆ ಊಹೆಯ ಅಗತ್ಯವೇ ಇರುವುದಿಲ್ಲ.

ಈ ಮಳೆಗಾಲದಲ್ಲಿ ಮೊದಲ ಹಳ್ಳದ ನೀರು ಬಂದ ಕೂಡಲೇ ಮರಿ ಬಿಡುವ ಆತುರ ಬೇಡ. ರಾಡಿ ಕೂತು ನೀರು ಹಸಿರಿಗೆ ತಿರುಗುವವರೆಗೆ, ನೀರಿನಲ್ಲಿ ಕಟ್ಟುವ ಸಣ್ಣ ಕಣ್ಣಿನ ಬಟ್ಟೆಬಲೆಯ ಚೀಲಗಳಾದ ಹಾಪಾಗಳಲ್ಲಿ ಅಥವಾ ನಿಮ್ಮ ಕೃಷಿ ಹೊಂಡದಲ್ಲಿ ಮರಿಗಳನ್ನು ತೌಡು, ಶೇಂಗಾ ಹಿಂಡಿ ಕೊಟ್ಟು ಸಾಕಿ. ಹತ್ತು ಸೆಂಟಿಮೀಟರ್ ದಾಟಿದವುಗಳನ್ನು ಮಾತ್ರ ಕೆರೆಗೆ ಸಾಗಿಸಿ. ಚೀಲವನ್ನು ಕೆರೆಯ ನೀರಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ತೇಲಬಿಟ್ಟು ಶಾಖ ಹೊಂದಿಸಿ, ಒಂದೇ ಕಡೆ ಸುರಿಯದೆ ನಾಲ್ಕಾರು ಕಡೆ, ಜೊಂಡಿನಿಂದ ದೂರದಲ್ಲಿ ಬಿಡಿ. ಬಾಳೆ ಮೀನು ಇರುವ ಕೆರೆಯಾದರೆ ಸಂಜೆಗಿಂತ ಬೆಳಗಿನ ತಂಪು ಹೊತ್ತು ಮೇಲು, ಏಕೆಂದರೆ ಸಂಜೆ ಬಿಟ್ಟ ಮರಿ ಹೊಸ ನೀರಿಗೆ ಹೊಂದಿಕೊಳ್ಳುವ ಮೊದಲೇ ಅದರ ಬೇಟೆಯ ಹೊತ್ತು ಶುರುವಾಗುತ್ತದೆ. ಹಕ್ಕಿಗಳ ಕಾಟವೇ ಹೆಚ್ಚಿದ್ದರೆ ಸಂಜೆಯೇ ಸರಿ.